ವ್ಯಾನಿನ ಎಡಮಗ್ಗುಲು

ಗೋಡೆಯಾಚೆ ಇಸ್ತ್ರಿ ಯಂತ್ರ ಉಸ್ಸೆಂದು ಹಬೆ ಬಿಟ್ಟಿತು, ಹೊಟ್ಟೆ ಬಿರಿಯ ಉಂಡವರು ಕುರ್ಚಿಗೆ ಒರಗಿ ಉಸಿರು ಬಿಟ್ಟ ಹಾಗೆ, ಮತ್ತೆ ಉಸ್ಸ್, ಒಂದು ಉಸ್ಸಿಗೆ ಒಂದು ಬೆಡ್‌ಶೀಟು, ಈ ಊರಿನ ಜನಕ್ಕೆ ಮಲಗುವುದು ಬಿಟ್ಟು ಬೇರೆ ಕೆಲಸವೇ ಇಲ್ಲವೇನೋ ಎಂದು ಅವನಿಗೆ ನಗು ಬಂತು, ನಗು ಬಂದದ್ದೇ ತಪ್ಪಾಯಿತು, ಅವನ ತಲೆಯೊಳಗೆ ಭಾವ ಬೀರುವಿನೊಳಗಿಂದ ಮತ್ತೊಮ್ಮೆ ಕೆಮ್ಮಿದರು — ಅಯ್ಯೋ, ಈಗ ಬೇಡ, ಮೀಟಿಂಗಿನಲ್ಲಿ ಕೂತಾಗ ಬೇಡ, ಎದುರಿಗೆ ಲಾಂಡ್ರಿಯ ಮೇಡಂ ಕಾಗದ ಜೋಡಿಸಿಕೊಳ್ಳುತ್ತಿದ್ದಾರೆ, ಅವನೂ ಸೇರಿ ಆರು ಜನ ವ್ಯಾನ್ ಡ್ರೈವರುಗಳು ಟೀ ಲೋಟ ಹಿಡಿದು ಮಡಿಸಿಟ್ಟ ಟವೆಲುಗಳ ರಾಶಿಗೆ ಬೆನ್ನು ಕೊಟ್ಟು ಕೂತಿದ್ದಾರೆ, ಇನ್ನೈದು ನಿಮಿಷಕ್ಕೆ ಅವನು ಎದ್ದು ಎಲ್ಲರ ಪರವಾಗಿ ಮಾತಾಡಬೇಕು. ಅವನಲ್ಲದೆ ಇನ್ಯಾರು, ರೇಡಿಯೋ ಅಂತ ಸುಮ್ಮನೆ ಹೆಸರಿಟ್ಟಿದ್ದಾರೆಯೇ, ಐವತ್ತೆರಡು ವರ್ಷದಲ್ಲಿ ಬಾಯಿ ಮುಚ್ಚಿದ್ದು ಹಲ್ಲು ಕೀಳಿಸಿಕೊಂಡ ದಿನ ಒಂದೇ, ಕಳೆದ ವಾರವಿಡೀ ಎಲ್ಲರನ್ನೂ ಹುರಿದುಂಬಿಸಿದವನೂ ಅವನೇ — ಕೈಯಲ್ಲಿ ಫೋನು ಹಿಡ್ಕೊಂಡು ಗಾಡಿ ಓಡಿಸೋದು ತಪ್ಪು, ಒಪ್ಕೋತೀನಿ, ಕಿವಿಗೆ ಸಿಕ್ಕಿಸ್ಕೊಂಡು ಮಾತಾಡಿದ್ರೆ ಮೇಡಂ ಗಂಟೇನು ಹೋಗುತ್ತೆ, ಎರಡು ಕೈಯೂ ಸ್ಟಿಯರಿಂಗ್ ಮೇಲೆ, ಎರಡು ಕಣ್ಣೂ ರೋಡಿನ ಮೇಲೆ, ಇನ್ನೇನು ಕಾಲೂ ಕೊಡ್ಬೇಕಾ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಹೊಸದಾಗಿ ಮದುವೆಯಾದ ಡ್ರೈವರು ಅವನ ಭುಜ ಹಿಡಿದು, ಅಣ್ಣಾ ನೀವೇ ಗತಿ, ಅವಳು ಗಂಟೆಗೆ ನಾಲ್ಕು ಸಲ ಫೋನು ಮಾಡ್ತಾಳೆ, ನಾನು ಎತ್ತದೇ ಹೋದ್ರೆ ಸಂಜೆ ಬಾಗಿಲೇ ತೆಗೆಯಲ್ಲ ಅಂದಿದ್ದ. ಮೇಡಂ ಜಾಣೆ, ಗಾಡಿ ಓಡಿಸುವಾಗ ಫೋನೇ ಬೇಡ ಅನ್ನೋದನ್ನ ನಾನು ಹೇರಲ್ಲ, ನೀವೇ ಕೈಯೆತ್ತಿ ತೀರ್ಮಾನ ಮಾಡಿ, ಯಾವ ಕಡೆ ಹೆಚ್ಚು ಕೈಯೋ ಅದೇ ನಿಯಮ ಅಂದರು. ಕೈ. ಆ ಅಂಗೈ. ಅವನು ಟೀ ಗುಟುಕರಿಸಿದ, ನಾಲಿಗೆ ಸುಟ್ಟಿತು.

ಹತ್ತು ನಿಮಿಷದ ಹಿಂದೆ ಗಾಡಿ ನಿಲ್ಲಿಸಿ, ಸುತ್ತಿ ಬಂದು, ಹಿಂಬಾಗಿಲು ತೆಗೆಯುವ ಮೊದಲು ನೋಡಿದ್ದು, ವ್ಯಾನಿನ ಎಡಮಗ್ಗುಲಲ್ಲಿ, ಧೂಳಿನ ಮೇಲೆ, ಅವನ ಎದೆಯ ಎತ್ತರಕ್ಕೆ, ಐದು ಬೆರಳು ಅಗಲಿಸಿದ ಒಂದು ಅಂಗೈ. ಇರಲಿಬಿಡು, ಯಾರೋ ಒರಗಿರುತ್ತಾರೆ, ಎಂದುಕೊಂಡು ಮೂಟೆ ಇಳಿಸಿದ, ಇಳಿಸುತ್ತ ಅಕ್ಕನ ಕತೆ ನೆನೆದು ಮತ್ತೆ ನಕ್ಕ. ಅಕ್ಕ ದಿನವೂ ಬೆಳಿಗ್ಗೆ, ಅವನು ಹೋಟೆಲಿನಿಂದ ಮೈಲಿಗೆ ಬಟ್ಟೆ ಹೇರಿಕೊಂಡು ಹೊರಟ ಹೊತ್ತಿಗೆ ಸರಿಯಾಗಿ ಫೋನು ಮಾಡುತ್ತಾಳೆ, ಪುಟ್ಟಾ, ತಿಂಡಿ ತಿಂದ್ಯಾ, ಈ ಪುಟ್ಟನಿಗೆ ಹೊಟ್ಟೆ ಬಂದಿದೆ, ಮೀಸೆ ನೆರೆತಿದೆ, ಅದೆಲ್ಲ ಅವಳ ಲೆಕ್ಕಕ್ಕಿಲ್ಲ, ಆ ಹೊತ್ತಿಗೆ ಭಾವ ವಾಕಿಂಗಿಗೆ ಹೋಗಿರುತ್ತಾರೆ, ಆಮೇಲೆ ಇಡೀ ದಿನ ಮನೆಯಲ್ಲಿ ಮಾತೇ ಇಲ್ಲ, ಭಾವ ಕಿವಿಯ ಮಿಷನ್ನನ್ನು ಡಬ್ಬಿಯಲ್ಲಿಟ್ಟು ಪೇಪರು ಹಿಡಿದುಬಿಡುತ್ತಾರೆ. ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಊರವರ ಮಾತೆಲ್ಲ ಕೇಳಿಸಿಕೊಂಡವಳು, ಅಷ್ಟನ್ನೂ ಈಗ ವಾಪಸು ಕೊಡಬೇಡವೇ, ಕೊಡುವುದು ಅವನಿಗೆ, ದಿನಕ್ಕೆ ನಲವತ್ತು ನಿಮಿಷ, ಹೋಟೆಲಿನಿಂದ ಲಾಂಡ್ರಿಯವರೆಗೆ, ಅವನ ಇಡೀ ದಿನದಲ್ಲಿ ಅಷ್ಟು ಚೆಂದದ ನಲವತ್ತು ನಿಮಿಷ ಇನ್ನೊಂದಿಲ್ಲ, ಅದಕ್ಕಾಗಿಯೇ ಅಲ್ಲವೇ ವಾರವಿಡೀ ಗಂಟಲು ಹರಿದುಕೊಂಡದ್ದು, ಮಿಕ್ಕ ಐದು ಜನರ ಹೆಸರು ಒಂದು ನೆಪ.

ಮತ್ತೆ ಇವತ್ತಿನ ಕತೆ ಬೀರುವಿನದು. ನಿನ್ನೆ ನಿಮ್ಮ ಭಾವ ಎಲ್ಲೋ ಹೇಳದೆ ಕೇಳದೆ ಎದ್ದು ಹೋಗಿದ್ರು ಕಣೋ, ಮನೆ ಬಾಗಿಲು ತೆರೆದೇ ಇದೆ, ನನಗೆ ಪಿತ್ತ ನೆತ್ತಿಗೇರಿತು, ರೂಮಲ್ಲಿ ಬಟ್ಟೆ ಮಡಿಸ್ತಾ ಕೂತು ಶುರು ಹಚ್ಕೊಂಡೆ, ಮೂವತ್ತಾರು ವರ್ಷದಲ್ಲಿ ಒಂದಿನ ಅಡುಗೆ ಚೆನ್ನಾಗಿದೆ ಅಂದಿಲ್ಲ, ನನ್ನ ತಂಗೀನ ನಾನು ಅಂದ್ಕೊಂಡು ಮಾತಾಡ್ಸಿದ್ದು ಇನ್ನೂ ಮರೆತಿಲ್ಲ, ಗೊರಕೆ ಬೇರೆ, ಇಪ್ಪತ್ತು ನಿಮಿಷ ಬೈದಿದೀನಿ ಪುಟ್ಟಾ, ಒಂದೂ ಬಿಟ್ಟಿಲ್ಲ, ಆಗ ಬೀರು ಕೆಮ್ಮಿತು. ಬೀರು ಕೆಮ್ಮಿತು! ಹಿಂದಿನ ಹಲಗೆಯ ಸ್ಕ್ರೂ ಬಿಗಿ ಮಾಡಲು ಭಾವ ಸ್ಕ್ರೂಡ್ರೈವರ್ ಹಿಡಿದು ಒಳಗೆ ಹೋಗಿದ್ದಾರೆ, ಬಾಗಿಲು ತಾನಾಗಿ ಮುಚ್ಚಿ ಚಿಲಕ ಬಿದ್ದಿದೆ, ಕೋಟುಗಳ ನಡುವೆ ನಿಂತು ಎಲ್ಲವನ್ನೂ ಕೇಳಿದ್ದಾರೆ, ಅದೂ ಕಿವಿಗೆ ಮಿಷನ್ನು ಹಾಕಿಕೊಂಡು. ಯಾಕ್ರೀ ಕೂಗ್ಲಿಲ್ಲ ಅಂದ್ರೆ, ನೀನು ಮಾತಾಡ್ತಿದ್ದೆಯಲ್ಲ, ನಡುವೆ ಬಾಯಿ ಹಾಕೋದು ಯಾಕೆ ಅಂತ ಸುಮ್ನಿದ್ದೆ ಅಂದ್ರು ಕಣೋ. ಅವನಿಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಳ್ಳೋಣವೆಂದರೆ ಕೈ ಸ್ಟಿಯರಿಂಗಿನ ಮೇಲೆ, ಕಣ್ಣಲ್ಲಿ ನೀರು, ಬೀರುವಿನ ಬಾಗಿಲಿನ ಕನ್ನಡಿ, ಅದರಲ್ಲಿ ಬಟ್ಟೆ ಮಡಿಸುತ್ತ ಬೈಯುವ ಅಕ್ಕ, ಕನ್ನಡಿಯ ಹಿಂದೆ ಉಸಿರು ಹಿಡಿದ ಭಾವ, ಎಲ್ಲ ಕಣ್ಣೆದುರಿಗೆ ಕಟ್ಟಿದ ಹಾಗಿತ್ತು, ಭಾವನ ಬನಿಯನ್ನಿಗೆ ಹತ್ತಿದ ಮರದ ಪುಡಿ ಸಹ ಕಂಡಿತು, ಕಂಡಿತು ಅಂದರೆ ಏನು, ಅವನು ಆ ಮನೆಯಲ್ಲಿರಲಿಲ್ಲ, ರಸ್ತೆಯಲ್ಲಿದ್ದ, ಸೇತುವೆ ದಾಟಿ, ಶಾಲೆ ದಾಟಿ, ಆಸ್ಪತ್ರೆಯ ಸಿಗ್ನಲ್ಲು ದಾಟಿ ಬಂದಿದ್ದಾನೆ, ಬಂದಿರಲೇಬೇಕು, ಇಲ್ಲಿಗೆ ಬೇರೆ ದಾರಿಯೇ ಇಲ್ಲ. ಸಿಗ್ನಲ್ಲಿನಲ್ಲಿ ಯಾವ ದೀಪ ಹತ್ತಿತ್ತು ಎಂದು ಯಾರಾದರೂ ಕೇಳಿದರೆ ಅವನಿಗೆ ಗೊತ್ತಿಲ್ಲ.

ಆ ಅಂಗೈ ಹೋಟೆಲಿನ ಬಟ್ಟೆ ಸ್ಟೋರಿನವನ ಚೇಷ್ಟೆ ಇರಬಹುದೇ, ಅವನೇ ತಾನೆ ಬೆಳಿಗ್ಗೆ ಹೊರಡುವಾಗ ಧೂಳಿನ ಮೇಲೆ ಬೆರಳಲ್ಲಿ ಬರೆದದ್ದು, ನನ್ನನ್ನೂ ಒಗೆಯಿರಿ, ಊರಿನ ಕೊಳೆಯನ್ನೆಲ್ಲ ತೊಳೆಯುವವರ ಗಾಡಿ ನೋಡಿ ಎಂದು ಹೋಟೆಲಿನ ಕಾವಲುಗಾರ ಅದನ್ನು ಗಟ್ಟಿಯಾಗಿ ಓದಿ ನಕ್ಕಿದ್ದ, ಆಗ ಅಕ್ಷರ ಅಚ್ಚುಕಟ್ಟಾಗಿತ್ತು, ಅಂಗೈ ಇರಲಿಲ್ಲ, ಈಗ ಒಗೆಯಿರಿಯ ಮೇಲೆಯೇ ಇದೆ, ಅರ್ಧ ಅಕ್ಷರ ಅಳಿಸಿದೆ. ಹೋಟೆಲಿನಿಂದ ಇಲ್ಲಿಯವರೆಗೆ ಅವನು ಎಲ್ಲಿಯೂ ಇಳಿದಿಲ್ಲ. ಸೈಕಲ್ಲಿನವನು ಸಿಗ್ನಲ್ಲಿನಲ್ಲಿ ಆತುಕೊಂಡನೇ — ಇಲ್ಲ, ಒರಗಿದ ಕೈ ನಿಂತ ಕಡೆ ನಿಲ್ಲುತ್ತದೆ, ಇದರ ಐದು ಬೆರಳಿನಿಂದಲೂ ಐದು ಗೆರೆ ಹಿಂದಕ್ಕೆ ಎಳೆದುಕೊಂಡು ಹೋಗಿವೆ, ಗಾಡಿ ಓಡುತ್ತಿತ್ತು, ಕೈ ನಿಂತಿತ್ತು, ನಿಲ್ಲಿಸು ಎಂದು ಯಾರೋ ಪಕ್ಕದಿಂದ ಬಾರಿಸಿದ್ದಾರೆ, ಒಂದು ಬೆರಳ ಬುಡದಲ್ಲಿ ಉಂಗುರದ ಗೀರು. ಮೂಟೆ ಇಳಿಸಿದ ಮೇಲೆ ಎರಡು ಸಲ ಗಾಡಿ ಸುತ್ತಿ ನೋಡಿದ, ಬಗ್ಗಿ ಚಕ್ರ ನೋಡಿದ, ಕನ್ನಡಿ ನೋಡಿದ, ಎಲ್ಲೂ ಏನೂ ಆಗಿಲ್ಲ, ದೇವರೇ ಏನೂ ಆಗಿಲ್ಲ, ಪಟ್ಟೆಂದು ಬಾರಿಸುವಷ್ಟು ಕಸುವಿತ್ತಲ್ಲ ಆ ಕೈಗೆ, ಚೆನ್ನಾಗಿಯೇ ಇರುತ್ತಾಳೆ, ಅಥವಾ ಇರುತ್ತಾನೆ, ಮನೆಗೆ ಹೋಗಿ ಇವನ ವಂಶವನ್ನೆಲ್ಲ ಎತ್ತಿ ಬೈಯುತ್ತಿರಬಹುದು, ಬೈಯಲಿ, ಎದುರಿಗೆ ನಿಲ್ಲಿಸಿ ಬೈದರೂ ಕೇಳಿಕೊಂಡೇನು, ಭಾವನ ಹಾಗೆ, ಕೆಮ್ಮದೆ. ಆದರೆ ಅಷ್ಟು ಜೋರಾಗಿ ತಗಡಿನ ಮೇಲೆ ಬಿದ್ದ ಏಟು ಅವನಿಗೆ ಯಾಕೆ ಕೇಳಿಸಲಿಲ್ಲ, ಅವನ ಕಿವಿ ಚೆನ್ನಾಗಿದೆ, ಬೀರುವಿನ ಕೆಮ್ಮು ಕೇಳಿಸಿತು.

ಮೇಡಂ ಕಾಗದದಿಂದ ತಲೆ ಎತ್ತಿದರು. ಸರಿ, ನಮ್ಮ ರೇಡಿಯೋ ಏನೋ ಹೇಳಬೇಕಂತೆ, ಹೇಳಿ. ಅವನು ಎದ್ದ, ಮೊಣಕಾಲು ಲಟಕ್ ಅಂತು, ವಾರವಿಡೀ ಹೊಸೆದ ಮಾತುಗಳೆಲ್ಲ ನಾಲಿಗೆಯ ಮೇಲಿವೆ, ಮೇಡಂ, ಪಕ್ಕದ ಸೀಟಲ್ಲಿ ಹೆಂಡತಿ ಕೂತು ಮಾತಾಡಿದ್ರೆ ಅವಳನ್ನ ಕೆಳಗಿಳಿಸ್ತೀವಾ — ಹೌದು, ಇದನ್ನೇ ಹೇಳಿ ಗೆಲ್ಲಬೇಕೆಂದಿದ್ದ, ಆದರೆ ಹೆಂಡತಿ ಪಕ್ಕದಲ್ಲಿ ಕೂತರೆ ಯಾರಾದರೂ ರಸ್ತೆಗೆ ಕಾಲಿಟ್ಟ ಕೂಡಲೇ ಅರ್ಧ ಮಾತಿಗೇ ನಿಲ್ಲುತ್ತಾಳೆ, ಏಯ್ ಅನ್ನುತ್ತಾಳೆ, ಇಲ್ಲದ ಬ್ರೇಕನ್ನು ತನ್ನ ಕಾಲಲ್ಲಿ ಒತ್ತುತ್ತಾಳೆ, ಇಪ್ಪತ್ತೈದು ವರ್ಷದಿಂದ ಒತ್ತುತ್ತಿದ್ದಾಳೆ, ಅದನ್ನು ಅವನು ನೂರು ಸಲ ಆಡಿಕೊಂಡು ನಕ್ಕಿದ್ದಾನೆ, ಅಕ್ಕ ಪಾಪ ಎಲ್ಲಿ ಒತ್ತಬೇಕು, ಅವಳಿಗೆ ಕಾಣುವುದು ಬೀರು. ಐದು ಮುಖ ಅವನನ್ನೇ ನೋಡುತ್ತಿವೆ, ನಗಲು ತುಟಿ ಸಿದ್ಧವಾಗಿವೆ. ನನ್ನ ಗಾಡೀಗೆ ಯಾರೋ ಹೊಡೆದಿದಾರೆ, ಕೈಯಲ್ಲಿ, ಅಂದ. ಅವರು ನಕ್ಕರು, ಕತೆ ಶುರುವಾಯಿತೆಂದು. ಆಮೇಲೆ ಏನಾಯ್ತು ಅಣ್ಣಾ, ಎಂದ ಹೊಸ ಮದುವೆಯವನು. ಆಮೇಲೆ ಏನೂ ಇಲ್ಲ ಕಣೋ, ಎಲ್ಲಿ ಹೊಡೆದ್ರು, ಯಾರು ಹೊಡೆದ್ರು, ನಂಗೊತ್ತಿಲ್ಲ, ಕೈ ಎರಡೂ ಸ್ಟಿಯರಿಂಗ್ ಮೇಲೇ ಇತ್ತು, ಕಣ್ಣೂ ರೋಡಿನ ಮೇಲೇ ಇತ್ತು, ನಾನು ಮಾತ್ರ ಅಲ್ಲಿರಲಿಲ್ಲ. ನಗು ನಿಂತಿತು. ಗೋಡೆಯಾಚೆ ಉಸ್ಸ್.

ಹಾಗಾದ್ರೆ ನೀವು ಯಾವ ಕಡೆ ಅಂತ ಮೇಡಂ ಕೇಳುತ್ತಿದ್ದಾರೆ, ಫೋನು ಬೇಡವೇ ಬೇಡ ಅನ್ನೋರು ಕೈಯೆತ್ತಿ ಎನ್ನುತ್ತಿದ್ದಾರೆ, ಹೊಸ ಮದುವೆಯವನು ಅಯ್ಯೋ ಅಣ್ಣಾ, ಮೊದಲೇ ಒಂದು ಮಾತು ಹೇಳಬಾರ್ದಾ ಎಂದು ತಲೆ ಚಚ್ಚಿಕೊಳ್ಳುತ್ತಾನೆ, ನಾಳೆ ಬೆಳಿಗ್ಗೆ ಸೇತುವೆಯ ಹತ್ತಿರ ಫೋನು ಕೂಗುತ್ತದೆ, ಕೂಗಿ ಕೂಗಿ ನಿಲ್ಲುತ್ತದೆ, ಅಕ್ಕನ ಬಾಯಲ್ಲಿ ಹೊಸ ಕತೆ ಹಾಗೇ ಉಳಿಯುತ್ತದೆ, ಅವನಿಗೆ ಅಳು ಬಂದ ಹಾಗಾಯಿತು, ಬೆಳಗಿನ ಆ ರಸ್ತೆ ಎಷ್ಟು ಉದ್ದವಾಗಿಬಿಡುತ್ತದೋ, ಇರಲಿ, ಭಾವನಿಗೆ ಹೇಳಲಿ, ವಾಕಿಂಗಿಗೆ ಹೋಗದಂತೆ ಹಿಡಿದು ಕೂರಿಸಿ ಹೇಳಲಿ, ಭಾವ ಕೇಳುತ್ತಾರೆಂದು ಇವತ್ತು ಗೊತ್ತಾಯಿತಲ್ಲ, ಬೇಕಾದರೆ ಬೀರುವಿನಲ್ಲಿ ಹಾಕಿ ಚಿಲಕ ಬಿಗಿದು ಹೇಳಲಿ, ಅವನಿಗೆ ನಗು ಬಂತು, ನಗುತ್ತಲೇ ಎಲ್ಲರಿಗಿಂತ ಮೊದಲು ಕೈಯೆತ್ತಿದ, ಎತ್ತಿದ ಕೈಯನ್ನು ತಾನೇ ನೋಡಿದ, ದೊಡ್ಡ ಕೈ, ಮೂಟೆ ಎತ್ತಿ ಎತ್ತಿ ಒರಟಾದ ಕೈ, ಇದನ್ನೇ ಅಲ್ಲವೇ ಆಗ ಯಾರೂ ನೋಡದಿದ್ದಾಗ ಧೂಳಿನ ಮೇಲೆ ಇಟ್ಟು ಅಳೆದದ್ದು, ಆ ಗುರುತು ಇದರೊಳಗೆ ಪೂರ್ತಿ ಹಿಡಿಸಿತ್ತು, ಸುತ್ತ ಜಾಗ ಉಳಿದಿತ್ತು, ಆ ಕೈಯವರ ಮುಖ ನೆನಪಿಗೆ ಬರಲಿ ಎಂದು ಕಾದ, ಬಣ್ಣದ ಬಟ್ಟೆ, ಚೀಲ, ಏನಾದರೂ ಬರಲಿ, ಬರಲಿಲ್ಲ, ಅಂಗೈ ಮಾತ್ರ, ಅವನದಕ್ಕಿಂತ ಚಿಕ್ಕದು, ಬೆರಳು ಅಗಲಿಸಿದ್ದು, ಉಂಗುರ ಹಾಕಿದ್ದು, ತಟ್ಟುತ್ತಿದೆ, ಅಂಗೈ.