ಮೇಕೆಯ ಕಥೆ ಹೇಳಿದವಳು

"ಫೋನ್ ಮಾಡಿದ್ಯಾ?" ಎಂದು ಕತ್ತರಿ ಹಿಡಿದ ತಂಗಿ ಗುನ್‌ವೋರ್ ಕೇಳಿದಾಗ ಓಡ್ನಿಯ ಎಡಗಡೆಯ ಕೂದಲಷ್ಟೇ ಕತ್ತರಿಸಿ ಆಗಿತ್ತು. ಅಡುಗೆಮನೆಯ ನಡುವೆ ಕುರ್ಚಿ, ಕೊರಳ ಸುತ್ತ ಹಳೆಯ ದುಪ್ಪಟಿ, ಕೆಳಗೆ ಹರಡಿದ ಪತ್ರಿಕೆಯ ಮೇಲೆ ನರೆಗೂದಲು. ಎದ್ದು ಹೋಗುವಂತಿರಲಿಲ್ಲ.

"ಇಲ್ಲ."

"ಸೋಮವಾರ ತಿಳಿಸ್ತೀವಿ ಅಂದಿದ್ರು. ಇವತ್ತು ಬುಧವಾರ."

"ಬೇಕಿದ್ರೆ ಅವರೇ ಮಾಡ್ತಾರೆ ಬಿಡೆ. ಮೇಲೆ ಬಿದ್ದು ಕೇಳೋಕೆ ನಂಗೆ ನಾಚಿಕೆ."

"ಅಳದೆ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಅಕ್ಕ. ಅವನ್ಯಾರೋ ಟೊರ್ಗೈರ್ ಕೊಡ್ತಾನಾ?"

ಗುನ್‌ವೋರ್ ಚರ್ಚಿನ ಪಕ್ಕದಲ್ಲಿ ಕ್ಷೌರದ ಅಂಗಡಿ ಇಟ್ಟವಳು. ಊರಿನ ಅರ್ಧ ತಲೆಗಳು ಅವಳ ಕೈಯಲ್ಲಿ ಹಾದುಹೋಗುವುದರಿಂದ ಅರ್ಧ ಸುದ್ದಿಯೂ ಅವಳ ಬಳಿಯೇ ಇರುತ್ತಿತ್ತು. ಜನರನ್ನೂ ಕಾರುಗಳನ್ನೂ ದಡ ದಾಟಿಸುವ ಫೆರಿ ಹಡಗಿನ ಕ್ಯಾಂಟೀನಿನಲ್ಲಿ ಕೆಲಸ ಖಾಲಿಯಿದೆ ಎಂಬ ಸುದ್ದಿ ಮೊದಲು ತಂದವಳೂ ಅವಳೇ. ವಸಂತದಲ್ಲಿ ಮೀನಿನ ಕಾರ್ಖಾನೆ ಮುಚ್ಚಿದ ಮೇಲೆ ಗುಡ್ಡಗಳ ನಡುವೆ ಚಾಚಿದ ಕಡಲ ತೋಳಾದ ಫ್ಯೋರ್ಡಿನ ಈ ದಡದಲ್ಲಿ ಉಳಿದ ಕೆಲಸವೆಂದರೆ ಅದೊಂದೇ. ಉದ್ಯೋಗ ಕಚೇರಿಯವರು ದೂರದ ಬರ್ಗನ್ ನಗರದ ಉಗ್ರಾಣವೊಂದರಲ್ಲಿ ಜಾಗ ತೋರಿಸಿದ್ದರು. ಅಲ್ಲಿಗೆ ಹೋಗುವುದೆಂದರೆ ಮನೆಗೆ ಬೀಗ ಹಾಕಿ, ಗುಡ್ಡದ ಬುಡದಲ್ಲಿ ಮಲಗಿರುವ ಗಂಡ ಯೂಸ್ಟೈನ್‌ನ ಗೋರಿಯನ್ನು ತಂಗಿಗೆ ಒಪ್ಪಿಸಿ ಹೊರಡುವುದು.

ಸಂದರ್ಶನದಲ್ಲಿ ಓಡ್ನಿ ಕೋಟನ್ನೂ ಬಿಚ್ಚಿರಲಿಲ್ಲ. ಇಬ್ಬಿಬ್ಬರನ್ನು ಒಟ್ಟಿಗೆ ಕರೆದಿದ್ದರು. ಅವಳ ಜೊತೆ ಸಿಕ್ಕಿದವಳು ಮೇಲೂರಿನ ಬೆರಿಟ್. "ಜನರ ಜೊತೆ ನೀವು ಹೇಗೆ?" ಎಂದು ಕ್ಯಾಂಟೀನಿನ ಮುಖ್ಯಸ್ಥ ಟೊರ್ಗೈರ್ ಕೇಳಿದ್ದೇ ತಡ, ಬೆರಿಟ್ ತನ್ನ ಮೇಕೆ ಪಾದ್ರಿಯ ಕಾರಿಗೆ ಹತ್ತಿ ಕೂತು, ಮದುವೆಯೊಂದಕ್ಕೆ ಹೊರಟುಹೋದ ಕಥೆ ತೆಗೆದಳು. ಟೊರ್ಗೈರ್ ಕಣ್ಣೊರೆಸಿಕೊಂಡು ನಕ್ಕ. ಓಡ್ನಿಯೂ ನಕ್ಕಳು. ನಗು ಮುಗಿದ ಮೇಲೆ ಅದೇ ಪ್ರಶ್ನೆ ಇವಳ ಕಡೆ ತಿರುಗಿತು. "ಪರವಾಗಿಲ್ಲ" ಎಂದಳು. ಆಮೇಲೆ ಬಾಯಿಗೆ ಬೀಗ ಬಿದ್ದಂತಾಯಿತು. ಕಾರ್ಖಾನೆಯಲ್ಲಿ ಟೊಪ್ಪಿ, ಮುಖಕ್ಕೆ ಬಟ್ಟೆ, ಕಿವಿಗೆ ಮುಚ್ಚಳ ಹಾಕಿಕೊಂಡು ಆಯಸ್ಸು ಕಳೆದವಳಿಗೆ ಮುಖ ತೋರಿಸಿ ಮಾತಾಡುವುದು ಅಭ್ಯಾಸವಿರಲಿಲ್ಲ.

"ನೀನು ಮಾಡೋತನಕ ಬಲಗಡೆ ಮುಟ್ಟಲ್ಲ," ಎಂದು ಗುನ್‌ವೋರ್ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಹಿಂಗೇ ಅಂಗಡಿಗೆ ಹೋಗಿ ಬಾ ಬೇಕಾದ್ರೆ."

ಓಡ್ನಿ ಫೋನ್ ತೆಗೆದುಕೊಂಡಳು. ರಿಂಗಾಗುತ್ತಿದ್ದಂತೆ ಗುನ್‌ವೋರ್ ಬಗ್ಗಿ, ತನಗೂ ಕೇಳುವಂತೆ ಸ್ಪೀಕರ್ ಒತ್ತಿದಳು. ಆ ಕಡೆ ಎಂಜಿನ್ನಿನ ಗುಡುಗುಡು, ತಟ್ಟೆಗಳ ಸದ್ದು.

"ನಾನು ಓಡ್ನಿ. ಹೋದ ವಾರ ಬಂದಿದ್ದೆ, ಕೆಲಸದ ವಿಚಾರ. ಏನಾಯ್ತು ಅಂತ ಕೇಳೋಣ ಅಂತ."

"ಓಹೋ, ಓಡ್ನಿ! ನಾನೇ ಮಾಡೋನಿದ್ದೆ, ಫ್ರಿಜ್ ಕೆಟ್ಟು ಎರಡು ದಿನ ಅದರ ಹಿಂದೇ ಸುತ್ತಿದೆ. ಆ ಮೇಕೆ ವಿಷಯ ನನ್ ಹೆಂಡ್ತಿಗೆ ಹೇಳಿದೆ ನೋಡಿ, ನಗ್ತಾ ನಗ್ತಾ ಊಟನೇ ಬಿಟ್ಲು. ನಿಮ್ಮಂಥವರೇ ಬೇಕು ನಮಗೆ. ನನ್ನ ಮನಸ್ಸಲ್ಲಿ ನಿಮ್ಮ ಹೆಸರೇ ಇರೋದು."

ಓಡ್ನಿ ತಂಗಿಯ ಮುಖ ನೋಡಿದಳು. ಗುನ್‌ವೋರ್ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಜೋರಾಗಿ ತಲೆಯಾಡಿಸಿದಳು. ಸುಮ್ಮನಿರು, ಹೂಂ ಅನ್ನು ಎಂಬ ಸನ್ನೆ ಅದು. ಕಿಟಕಿಯಾಚೆ ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಒಂದು ಉಸಿರು ಸಾಕು.

"ಅದು ನಾನಲ್ಲ," ಎಂದಳು ಓಡ್ನಿ.

"ಏನು?"

"ಮೇಕೆ ಕಥೆ ಹೇಳಿದ್ದು ನಾನಲ್ಲ. ಅವರು ಬೆರಿಟ್. ನಾನು ಪಕ್ಕದಲ್ಲಿ ಕೂತಿದ್ದೆ. ಕೋಟ್ ಹಾಕ್ಕೊಂಡು."

ಗುನ್‌ವೋರ್ ಹಣೆ ಚಚ್ಚಿಕೊಂಡು ಒಲೆಯ ಕಡೆ ತಿರುಗಿ ನಿಂತಳು.

"ಕೋಟು," ಎಂದ ಟೊರ್ಗೈರ್. "ಹಸಿರು ಕೋಟಾ?"

"ನೀಲಿ."

"ಕ್ಷಮಿಸಿ. ಹೆಸರು ಅದಲುಬದಲು ಮಾಡ್ಕೊಂಡೆ." ಅವನ ದನಿಯಲ್ಲಿ ನಿಜವಾದ ಮುಜುಗರವಿತ್ತು. "ಆವತ್ತು ನೀವು ಮಾತೇ ಆಡ್ಲಿಲ್ಲ ಅಲ್ವಾ?"

"ನೀವು ಕೇಳಿದ್ದಕ್ಕೆ ಉತ್ತರ ಆಗ ಹೊಳೀಲಿಲ್ಲ. ಮನೆಗೆ ಬರೋವಾಗ ದಾರಿಯಲ್ಲಿ ಹೊಳೀತು."

"ಈಗ ಹೇಳಿ ಹಾಗಾದ್ರೆ. ಆಚೆ ದಡ ಮುಟ್ಟೋವರೆಗೂ ನಾನು ಖಾಲಿನೇ."

ಓಡ್ನಿ ದುಪ್ಪಟಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತ್ಕೋತಿದ್ದೋಳು ಲಿಥುವೇನಿಯಾದೋಳು. ಅವಳ ಭಾಷೆ ನಂಗೆ ಬರಲ್ಲ, ನಂದು ಅವಳಿಗೆ ಬರಲ್ಲ. ಬಂದಿದ್ರೂ ಯಂತ್ರದ ಗಲಾಟೇಲಿ ಕೇಳ್ತಿರ್ಲಿಲ್ಲ. ಆದ್ರೂ ಅವಳ ಭುಜ ನೋಡಿದ್ರೆ ರಾತ್ರಿ ನಿದ್ದೆ ಮಾಡಿಲ್ಲ ಅಂತ ಗೊತ್ತಾಗೋದು. ಅವತ್ತು ಅವಳ ಪಾಲಿನ ದೊಡ್ಡ ಮೀನು ನಾನು ಎಳ್ಕೊಳ್ತಿದ್ದೆ. ನಂಗೆ ಜನರ ಜೊತೆ ಇರೋದು ಅಂದ್ರೆ ಅಷ್ಟೇ ಗೊತ್ತು." ಅವಳು ಕಿಟಕಿಯಾಚೆಯ ನೀರಿನ ಕಡೆ ನೋಡಿದಳು. "ಇನ್ನೊಂದು. ನಿಮ್ಮ ಬೆಳಗಿನ ಮೊದಲ ಫೆರೀಲಿ ಆಸ್ಪತ್ರೆಗೆ ಹೋಗೋರು ಇರ್ತಾರೆ. ನನ್ನ ಗಂಡನ್ನ ಕರ್ಕೊಂಡು ನಾನೂ ಒಂದು ಚಳಿಗಾಲ ಪೂರ್ತಿ ಓಡಾಡಿದೀನಿ. ಅವರಿಗೆ ಮೇಕೆ ಕಥೆ ಬೇಕಾಗಿರಲ್ಲ. ಬಿಸಿ ಕಾಫಿ ಕೊಟ್ಟು, ಏನೂ ಕೇಳದೆ ಇರೋರು ಬೇಕಾಗಿರ್ತಾರೆ."

ಹಡಗಿನ ಶಿಳ್ಳೆ ಉದ್ದಕ್ಕೆ ಕೂಗಿತು. ಅದು ಫೋನಿನಲ್ಲೂ ಕೇಳಿಸಿತು, ಸ್ವಲ್ಪ ತಡವಾಗಿ ಕಿಟಕಿಯಿಂದಲೂ.

"ದಡ ಬಂತು," ಎಂದ ಟೊರ್ಗೈರ್. "ಯೋಚನೆ ಮಾಡಿ ಶುಕ್ರವಾರದೊಳಗೆ ತಿಳಿಸ್ತೀನಿ. ಈ ಸಲ ನಿಜವಾಗ್ಲೂ."

ಫೋನ್ ಇಟ್ಟ ಮೇಲೆ ಗುನ್‌ವೋರ್ ಕತ್ತರಿ ತೆಗೆದುಕೊಂಡು ಬಲಗಡೆಯ ಕೂದಲನ್ನು ಬಾಚಿದಳು.

"ಬಾಯಿಗೆ ಬಂದ ತುತ್ತನ್ನ ಉಗಿದ್ಯಲ್ಲೆ."

"ಅದು ಬೆರಿಟ್ ತುತ್ತು ಕಣೆ."

"ಅವಳಿಗೆ ಗಂಡ ಇದಾನೆ, ಮೇಕೆ ಇದೆ." ಆಮೇಲೆ ಮೆಲ್ಲಗೆ, "ಆ ಚಳಿಗಾಲ ಹೇಗಿತ್ತು ಅಂತ ನಂಗೂ ನೀನು ಯಾವತ್ತೂ ಹೇಳಿರ್ಲಿಲ್ಲ," ಎಂದಳು. ಬಾಚಣಿಗೆ ಹಿಡಿದ ಕೈ ಅಕ್ಕನ ನೆತ್ತಿಯ ಮೇಲೆ ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತ್ತು.

ಶುಕ್ರವಾರ ಟೊರ್ಗೈರ್ ಫೋನ್ ಮಾಡಿದ. ಹಗಲಿನ ಪಾಳಿ ಬೆರಿಟ್‌ಗೆ ಎಂದ. ಓಡ್ನಿ, "ಒಳ್ಳೇದಾಯ್ತು, ತಿಳಿಸಿದ್ದು ಉಪಕಾರ," ಎಂದು ಮುಗಿಸಲು ಹೊರಟಳು. "ಇರಿ, ಇರಿ," ಎಂದ ಅವನು. ಮೊದಲ ಫೆರಿಯ ಪಾಳಿಯನ್ನು ಇಷ್ಟು ದಿನ ಅವನೇ ಮಾಡುತ್ತಿದ್ದನಂತೆ. ಅಷ್ಟು ಹೊತ್ತಿಗೆ ಏಳಲು ಯಾರೂ ಒಪ್ಪುವುದಿಲ್ಲ. ಅದು ಅರ್ಧ ದಿನದ ಕೆಲಸ, ಸಂಬಳವೂ ಅಷ್ಟಕ್ಕಷ್ಟೇ. "ಮೊನ್ನೆ ನೀವು ಹೇಳಿದ ಮೇಲೆ, ನಿನ್ನೆ ಬೆಳಗ್ಗೆ ಆ ಜನರ ಮುಖ ನೋಡ್ದೆ. ಇಷ್ಟು ದಿನ ನೋಡಿರ್ಲಿಲ್ಲ. ಬರ್ತೀರಾ?"

ಓಡ್ನಿ ಬರುತ್ತೇನೆಂದಳು. ಬರ್ಗನ್ನಿನವರಿಗೆ ಬರುವುದಿಲ್ಲವೆಂದು ತಿಳಿಸಿದಳು.

ನವೆಂಬರಿನ ಮೊದಲ ಸೋಮವಾರ, ಇನ್ನೂ ಕತ್ತಲಿರುವಾಗಲೇ ಅವಳು ಹಡಗಿನ ಮೆಟ್ಟಿಲು ಹತ್ತಿದಳು. ದೀಪ ಹಾಕಿ, ಕಾಫಿಗೆ ನೀರಿಟ್ಟು, ಹೆಂಚು ಕಾಯಿಸಿ, ಫೆರಿಯವರು ಮಾರುವ ದಪ್ಪ ಸಿಹಿದೋಸೆಯ ಹಿಟ್ಟನ್ನು ಒಂದು ಸೌಟು ಹೊಯ್ದಳು. ಮೊದಲನೆಯದು ತಳಹಿಡಿದು ಹರಿಯಿತು. ಅತ್ತಿತ್ತ ನೋಡಿ ಅದನ್ನು ತಾನೇ ತಿಂದಳು. ಬಾಯಿ ಸುಟ್ಟಿತು; ಸಕ್ಕರೆ ಸ್ವಲ್ಪ ಕಡಿಮೆ ಅನ್ನಿಸಿತು. ಎರಡನೆಯದನ್ನು ಹೊಯ್ದು, ಅಂಚಿನಲ್ಲಿ ಗುಳ್ಳೆಗಳೇಳುವುದನ್ನು ಕಾಯುತ್ತ ನಿಂತಳು. ಕೆಳಗೆ ಕಾರುಗಳು ಒಂದೊಂದಾಗಿ ಕಬ್ಬಿಣದ ಹಾಸಿನ ಮೇಲೆ ಹತ್ತುತ್ತಿದ್ದವು. ಪ್ರತಿ ಕಾರಿಗೂ ನೆಲ ಸಣ್ಣಗೆ ನಡುಗುತ್ತಿತ್ತು.