ಗುರುವಯ್ಯನ ಸುದ್ದಿ

"ಏಯ್, ಸೆರಗು ಎಳ್ಕಬೇಡ ಮುಖದ ಮೇಲೆ! ಟಿವಿಯವ್ರಿಗೆ ಕಾಣ್ಬೇಕಲ್ಲ ಮಾರಾಯ್ತಿ. ಮುಖ ಮುಚ್ಕಂಡ್ರೆ ನೀನು ಅಳ್ತಾ ಇದೀಯೋ ನಗ್ತಾ ಇದೀಯೋ ಅಂತ ಯಾವನಿಗೆ ಗೊತ್ತಾಗುತ್ತೆ?"

ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಮಲ್ಲೇಶ್ ತುಂಗಮ್ಮನ ಸೆರಗಿಗೆ ತಾನೇ ಕೈ ಹಾಕಿ ಹಿಂದಕ್ಕೆ ಸರಿಸಿದ. ಗಂಡನ ಹೆಣದ ಪಕ್ಕ ಡಾಂಬರಿನ ಮೇಲೆ ಕೂತಿದ್ದ ತುಂಗಮ್ಮ ಬೇಡವೆನ್ನಲೂ ಇಲ್ಲ, ತಲೆ ಎತ್ತಲೂ ಇಲ್ಲ. ಮಗಳು ಭುವನಾ ಅದನ್ನು ನೋಡಿದಳು. ಕೋಪ ಬರಬೇಕಿತ್ತು, ಬರಲಿಲ್ಲ. ನಿನ್ನೆ ಸಂಜೆಯಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಒಮ್ಮೆ ತನ್ನ ತೋಳನ್ನು ತಾನೇ ಚಿವುಟಿ ನೋಡಿಕೊಂಡಿದ್ದಳು. ಚರ್ಮ ಕೆಂಪಾಯಿತು, ಅಷ್ಟೆ.

ಗುರುವಯ್ಯನನ್ನು ಆನೆ ತುಳಿದದ್ದು ನಿನ್ನೆ, ಕಾಫಿ ಹಣ್ಣು ಬಿಡಿಸುವಾಗ. ಮೂಡಿಗೆರೆ ಆಸ್ಪತ್ರೆಯಲ್ಲಿ ಕುಯ್ದು ಹೊಲಿದು ಕೊಟ್ಟ ಹೆಣ ಬೆಳಿಗ್ಗೆ ನೇರವಾಗಿ ಕೂಲಿಯವರ ಲೈನ್ ಮನೆಗೆ ಬರಬೇಕಿತ್ತು. ಗೋಣಿಬೀಡಿನ ದಾರಿಯಲ್ಲಿ, ಎಸ್ಟೇಟಿಗೆ ಸ್ವಲ್ಪ ಮುಂಚೆ ಸಿಗುವ ಕ್ರಾಸಿನಲ್ಲಿ ತೋಟದ ಒಡೆಯ ಸಾಹುಕಾರ ಬಸವರಾಜಪ್ಪನವರು ಆಂಬುಲೆನ್ಸಿಗೆ ಕೈ ಅಡ್ಡ ಹಿಡಿದರು. ಮಂತ್ರಿ ಬರಬೇಕು, ಆನೆ ಹಿಡಿಯುವ ಆದೇಶ ಆಗಬೇಕು, ಅಲ್ಲಿಯವರೆಗೆ ಹೆಣ ಎತ್ತುವ ಮಾತೇ ಇಲ್ಲ ಎಂದರು. ಸುತ್ತಲಿನ ಪ್ಲಾಂಟರುಗಳು ಜೀಪುಗಳಲ್ಲಿ ಬಂದಿಳಿದರು. ಶಾಮಿಯಾನ ಬಂತು, ಹೆಣಕ್ಕೆ ಟಾರ್ಪಾಲು ಹಾಸಿದ ಚಟ್ಟ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು, ಬಿಸಿ ಉಪ್ಪಿಟ್ಟೂ ಬಂತು. ಬದುಕಿದ್ದಾಗ ಗುರುವಯ್ಯ ಸಾಹುಕಾರರ ಬಂಗಲೆಯ ಮೆಟ್ಟಿಲು ಹತ್ತಿದವನಲ್ಲ. ಕಾಫಿ ಕೊಟ್ಟರೆ ಕಣದ ನಲ್ಲಿಯ ಹತ್ತಿರ ಕವುಚಿಟ್ಟ ಲೋಟದಲ್ಲಿ ಕುಡಿದು, ತೊಳೆದು, ಮತ್ತೆ ಅಲ್ಲೇ ಕವುಚಿಡುತ್ತಿದ್ದ. ಇವತ್ತು ಅವನ ತಲೆಯ ಹತ್ತಿರ ಸಾಹುಕಾರರ ಕುರ್ಚಿ, ಕಾಲಿನ ಹತ್ತಿರ ಬೆಳೆಗಾರರ ಬ್ಯಾನರು. ಲೈನಿನ ಜನ ಮಾತ್ರ ಎಂದಿನಂತೆ ದೂರದ ಮರದ ಕೆಳಗೆ ನಿಂತಿದ್ದರು.

ಭುವನಾಳ ಬಗಲಲ್ಲಿ ಒಂದು ಫೈಲಿತ್ತು. ಯೂನಿವರ್ಸಿಟಿಯ ಪತ್ರಿಕೋದ್ಯಮ ಎಂ.ಎ.ಗೆ ಅರ್ಜಿ ಹಾಕಿದ್ದಳು; ಇವತ್ತು ಹನ್ನೊಂದಕ್ಕೆ ಚಿಕ್ಕಮಗಳೂರಿನಲ್ಲಿ ಸಂದರ್ಶನ. ಡಿಗ್ರಿ ಫಲಿತಾಂಶ ತಡವಾಗಿ, ಎಲ್ಲ ಮುಂದೆ ಹೋಗಿ, ಕಾಫಿ ಹಣ್ಣಾಗುವ ಕಾಲಕ್ಕೆ ಬಂದು ನಿಂತಿತ್ತು. ಬಾರದವರಿಗೆ ಸೀಟಿಲ್ಲ ಎಂದು ಮೊದಲೇ ಹೇಳಿದ್ದರು. ಬೆಳಿಗ್ಗೆ ಅವ್ವನೇ ಫೈಲನ್ನು ಕೈಗಿಟ್ಟಿದ್ದಳು. "ನಿಮ್ಮಪ್ಪನ್ನ ನಾನು ನೋಡ್ಕಂತೀನಿ. ನೀನು ಬಸ್ ಹತ್ತು" ಅಂದಿದ್ದಳು. ಆದರೆ ಬಸ್ಸು ಬರಬೇಕಾದದ್ದು ಇದೇ ರಸ್ತೆಯಲ್ಲಿ. ರಸ್ತೆಗೆ ಅಡ್ಡ ಅಪ್ಪ ಮಲಗಿದ್ದ.

ಜರ್ನಲಿಸಂ ಅಂದರೇನು ಎಂದು ಅಪ್ಪ ಕೇಳಿದ್ದ. ಊರೂರ ಸುದ್ದಿ ತಿಳಿದು ಜನಕ್ಕೆ ಮುಟ್ಟಿಸುವುದು ಎಂದಿದ್ದಳು. ಗುರುವಯ್ಯ ಬಿದ್ದು ಬಿದ್ದು ನಕ್ಕಿದ್ದ.

"ಅದಕ್ಕೂ ಓದ್ಬೇಕೇನವ್ವ? ಅದು ನಮ್ ಮನೆ ಕೆಲ್ಸ ಕಣೆ!"

ಸುಳ್ಳಲ್ಲ. ಬಂಗಲೆಯಲ್ಲೋ ಊರೊಳಗಿನ ದೊಡ್ಡ ಮನೆಗಳಲ್ಲೋ ಯಾರಾದರೂ ಸತ್ತರೆ, ನೆಂಟರ ಊರಿಗೆ ಹೋಗಿ ಸಾವಿನ ಸುದ್ದಿ ಹೇಳುವುದು ಅವನ ತಾತನ ಪಾಲಿಗೆ ಬಂದ ಬಿಟ್ಟಿ ಚಾಕರಿ. ಆಮೇಲೆ ಅವನ ಅಪ್ಪನ ಪಾಲಿಗೆ, ಫೋನು ಬರುವವರೆಗೆ ಇವನ ಪಾಲಿಗೂ. ಜಾವಳಿಯಾಚೆಗೂ ಮಳೆಯಲ್ಲಿ ನಡೆದುಹೋಗಿ, ಅಂಗಳದಾಚೆ ನಿಂತು ಹೇಳಿ ಬರಬೇಕು. ಒಳಗಿಂದ ಯಾರೂ ಕೂರು ಅನ್ನುತ್ತಿರಲಿಲ್ಲ. "ನೀನು ಒಳಗೆ ಕುರ್ಚಿ ಮೇಲೆ ಕೂತು ಹೇಳು ಮಗ" ಎಂದಿದ್ದ. ಅರ್ಜಿ ಹಾಕಲು ಮೂಡಿಗೆರೆಗೆ ಅವನೂ ಜೊತೆಗೆ ಬಂದು ಸೈಬರ್ ಅಂಗಡಿಯ ಹೊರಗೇ ನಿಂತಿದ್ದ. ಒಳಗೆ ಬಾರಪ್ಪ ಎಂದರೆ, ಕಾಲು ಕೆಸರಾಗಿದೆ ಎಂದ. ಕೆಸರೇನೂ ಆಗಿರಲಿಲ್ಲ.

ಭುವನಾ ಶಾಮಿಯಾನದ ಅಂಚಿಗೆ ಸರಿದು ಸಂದರ್ಶನದ ಕಚೇರಿಗೆ ಫೋನ್ ಮಾಡಿದಳು.

"ಸಾರ್, ಇವತ್ತು ಬರಕ್ಕಾಗಲ್ಲ. ನಮ್ಮಪ್ಪ ತೀರ್ಕೊಂಡ್ರು. ನಾಳೆ ಬರ್ಬೋದಾ?"

"ಇಂಟರ್‌ವ್ಯೂ ದಿನವೇ ಎಲ್ಲರ ಮನೇಲೂ ಒಬ್ಬೊಬ್ರು ಸಾಯ್ತಾರಮ್ಮ" ಎಂದಿತು ಆ ಕಡೆಯ ದನಿ.

"ಟಿವಿ ಹಾಕಿ ನೋಡಿ ಸಾರ್. ತೋರಿಸ್ತಾ ಇದಾರೆ."

ಆ ಕಡೆ ಟಿವಿ ಹಚ್ಚಿದ ಸದ್ದು ಕೇಳಿತು. ಬಳಿಕ, "ಓ, ಆ ಆನೇದಾ? ಅಯ್ಯೋ ಪಾಪ. ಆದ್ರೂ ರೂಲ್ಸ್ ಅಂದ್ರೆ ರೂಲ್ಸಮ್ಮ. ಇವತ್ತೇ ಕೊನೆ."

"ಯಾರೇ ಅದು ಫೋನಲ್ಲಿ? ಕೊಡಿಲ್ಲಿ."

ಬಸವರಾಜಪ್ಪನವರು ಕೂತಲ್ಲಿಂದಲೇ ಕೈ ಚಾಚಿದರು. ತಮ್ಮ ಹೆಸರು ಹೇಳಿದರು, ಯೂನಿವರ್ಸಿಟಿಯ ಸಿಂಡಿಕೇಟಿನಲ್ಲಿರುವ ಭಾವಮೈದನ ಹೆಸರು ಹೇಳಿದರು. ಗದರುತ್ತಿದ್ದ ದನಿ ಬೆಣ್ಣೆಯಾಯಿತು. ನಾಳೆ ಕಳಿಸಿ ಸಾರ್, ನಾನೇ ನೋಡ್ಕೊತೀನಿ ಎಂದಿತು. ಸಾಹುಕಾರರು ಫೋನನ್ನು ಅವಳ ಕೈಗೆ ಕೊಡಲಿಲ್ಲ, ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟರು.

"ನಾಳೆ ನಮ್ಮ ಕಾರಲ್ಲೇ ಹೋಗು. ಸೀಟು ಸಿಕ್ತು ಅಂತ್ಲೇ ತಿಳ್ಕೋ. ನಿಮ್ಮಪ್ಪ ನಮ್ಮ ಮನೆಗೆ ದುಡಿದೋನು, ಅಷ್ಟೂ ಮಾಡ್ದೆ ಇದ್ರೆ ಹೆಂಗೆ? ಈಗ ಟಿವಿಯವಳು ಬರ್ತಾಳೆ. ಮಲ್ಲೇಶ ಹೇಳ್ಕೊಟ್ಟಂಗೆ ಎರಡು ಮಾತು ಹೇಳ್ಬಿಡು."

ಮಲ್ಲೇಶ್ ಅವಳ ಕಿವಿಯ ಹತ್ತಿರ ಬಗ್ಗಿದ. "ಆನೆ ಬಂದಿದ್ದು ನಮಗೆ ಯಾರೂ ತಿಳಿಸ್ಲಿಲ್ಲ. ಫಾರೆಸ್ಟಿನೋರು ಒಂದು ಮೆಸೇಜೂ ಹಾಕ್ಲಿಲ್ಲ. ಇಷ್ಟೇ. ಜಾಸ್ತಿ ಓದಿದೀನಿ ಅಂತ ನಿನ್ ಬುದ್ಧಿ ಮಧ್ಯ ತೂರಿಸ್ಬೇಡ. ಲೈನಲ್ಲಿ ನಿಮ್ಮವ್ವ ಇನ್ನೂ ಬಾಳ್ಬೇಕು."

ಮೆಸೇಜು ಬಂದಿತ್ತು. ನಿನ್ನೆ ಬೆಳಿಗ್ಗೆ ಹಾಜರಿ ಕೂಗುವಾಗ ಮಲ್ಲೇಶನ ಫೋನಿಗೇ ಬಂದಿತ್ತು: ತೋಟದ ಕೆಳಗಿನ ಬ್ಲಾಕಿನಲ್ಲಿ ಆನೆಗಳಿವೆ, ಆಳುಗಳನ್ನು ಇಳಿಸಬೇಡಿ. ಓದಿ ಹೇಳಿದವನೂ ಅವನೇ. ಭುವನಾ ಕೂಡ ಬುಟ್ಟಿ ಕಟ್ಟಿಕೊಂಡು ಅಲ್ಲೇ ನಿಂತಿದ್ದಳು. "ಇವತ್ತೊಂದಿನ ಮೇಲಿನ ಬ್ಲಾಕಿಗೆ ಹಾಕಿ ಅಯ್ಯಾ" ಎಂದವನು ಗುರುವಯ್ಯ. ಮಲ್ಲೇಶ್ ಸಾಹುಕಾರರಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಅವರ ದನಿ ಎಲ್ಲರಿಗೂ ಕೇಳಿತು. "ಹಣ್ಣು ಉದುರಿ ಮಣ್ಣುಪಾಲಾಗ್ತಾ ಇದೆ, ನಿಂಗೆ ಆನೆ ಚಿಂತೆಯೇನೋ ಬೋಳಿಮಗನೆ? ಇಳ್ಸೋ ಕೆಳಗೆ!" ಇಳಿದರು. ಕೇಳಿಸಿಕೊಂಡವರೆಲ್ಲ ಈಗ ಮರದ ಕೆಳಗೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು.

ಟಿವಿಯ ರಶ್ಮಿ ಮೈಕು ಹಿಡಿದು ಬಂದಳು. ಕೆಟ್ಟವಳೇನಲ್ಲ. ಹೆಣದ ಹತ್ತಿರ ಚಪ್ಪಲಿ ಬಿಟ್ಟು ಬಂದಳು.

"ಮಗಳಾ? ಏನು ಓದಿದೀರಿ?"

"ಬಿ.ಎ. ಆಗಿದೆ. ಜರ್ನಲಿಸಂ ಎಂ.ಎ.ಗೆ ಇವತ್ತು ಇಂಟರ್‌ವ್ಯೂ ಇತ್ತು."

"ಅಯ್ಯೋ, ನಾನೂ ಅದನ್ನೇ ಓದಿದ್ದು ಕಣ್ರಿ!" ರಶ್ಮಿಯ ಮುಖ ನಿಜವಾಗಿಯೂ ಅರಳಿತು. ಕ್ಯಾಮರಾದವನ ಕಡೆ ತಿರುಗಿದಳು. "ಕುಮಾರ್, ಇದನ್ನ ತಗೋ. ಪತ್ರಕರ್ತೆ ಆಗ್ಬೇಕಿದ್ದ ಮಗಳು, ರಸ್ತೇಲಿ ಅಪ್ಪ. ಫೈಲೂ ಬರ್ಲಿ." ಮತ್ತೆ ಇವಳಿಗೆ ಮೆಲ್ಲಗೆ, "ಸ್ವಲ್ಪ ಅಳೋಕಾಗುತ್ತಾ? ಬಲವಂತ ಇಲ್ಲ."

ಭುವನಾ ಪ್ರಯತ್ನಪಟ್ಟಳು. ಬರಲಿಲ್ಲ. ಕ್ಯಾಮರಾದ ಕೆಂಪು ದೀಪ ಹತ್ತಿತು. "ನಾವೀಗ ನೇರಪ್ರಸಾರದಲ್ಲಿದ್ದೇವೆ" ಎಂದು ರಶ್ಮಿ ಶುರುಮಾಡಿ, "ಹೇಳಿ ಭುವನಾ, ಹೇಗಾಯ್ತು ಇದು?" ಎಂದು ಮೈಕನ್ನು ಮುಂದೆ ಹಿಡಿದಳು.

ಹೇಳಿಕೊಟ್ಟ ಎರಡು ಮಾತು ನಾಲಿಗೆಯ ಮೇಲೇ ಇತ್ತು. ಹೇಳಿದರೆ ನಾಳೆ ಕಾರು, ನಾಳಿದ್ದು ಸೀಟು. ಅವ್ವನಿಗೆ ಲೈನಿನ ಮನೆ. ಅದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಮೈಕನ್ನು ರಶ್ಮಿಯ ಕೈಯಿಂದ ತೆಗೆದುಕೊಂಡು, ಬಸವರಾಜಪ್ಪನವರ ಬಾಯಿಯ ಮುಂದೆ ಹಿಡಿದಳು.

"ಸಾವ್ಕಾರ್ರೆ, ಕೆಳಗಿನ ಬ್ಲಾಕಲ್ಲಿ ಆನೆ ಇದೆ ಅಂತ ನಿನ್ನೆ ಬೆಳಿಗ್ಗೆ ಮೆಸೇಜ್ ಬಂದಿತ್ತು. ಆದ್ರೂ ಇಳ್ಸು ಅಂತ ಫೋನಲ್ಲಿ ಹೇಳಿದ್ದು ನೀವು. ಯಾಕೆ ಹೇಳಿದ್ರಿ?"

ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ ಕೇಳಿದಳು. ಸಾಹುಕಾರರು ಕ್ಯಾಮರಾದ ಕಡೆ ನೋಡಿ ನಕ್ಕರು. "ಪಾಪ, ಹುಡುಗಿಗೆ ಶಾಕ್ ಆಗಿದೆ."

"ಯಾಕೆ ಹೇಳಿದ್ರಿ?"

ಪ್ಲಾಂಟರುಗಳ ಕೈಯ ಉಪ್ಪಿಟ್ಟಿನ ಚಮಚ ನಿಂತಿತು. ರಶ್ಮಿ ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿ ಹಿಡಿದು ಏನನ್ನೋ ಕೇಳಿಸಿಕೊಂಡಳು. ಮುಖ ಬಾಡಿತು. "ಕಟ್ ಮಾಡು ಕುಮಾರ್. ಸ್ಟುಡಿಯೋದವ್ರು ಬೇಡ ಅಂತಿದಾರೆ."

ಕೆಂಪು ದೀಪ ಆರಿತು. ಸಾಹುಕಾರರ ನಗುವೂ ಆರಿತು.

"ಹಡಬೆ ಮುಂಡೆ! ಉಂಡ ಮನೆಗೇ ಎರಡು ಬಗಿತೀಯೇನೆ? ನಾಳೆಗೆ ಲೈನ್ ಖಾಲಿ ಮಾಡ್ಬೇಕು ನೀವು. ಮಲ್ಲೇಶ, ಆ ಯೂನಿವರ್ಸಿಟಿಯವನಿಗೆ ಫೋನ್ ಹಚ್ಚು. ಈ ಹುಡುಗಿ ನಮ್ಮ ಕಡೆಯವಳಲ್ಲ ಅಂತ ಹೇಳು."

ಮಲ್ಲೇಶ್ ಫೋನ್ ಹಚ್ಚುವಷ್ಟರಲ್ಲಿ ತುಂಗಮ್ಮ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮರದ ಕಡೆ ತಿರುಗಿದಳು.

"ಏನ್ರೋ ನೋಡ್ತೀರಾ? ಬಂದು ಎತ್ರೋ ಅವ್ನ."

"ಏಯ್, ಮಂತ್ರಿಗಳು ಬರೋಗಂಟ ಎತ್ತಂಗಿಲ್ಲ!" ಮಲ್ಲೇಶ್ ಅಡ್ಡ ಬಂದ.

"ನಿಮ್ ಮಂತ್ರಿಗೆ ನಿಮ್ಮಪ್ಪನ ಹೆಣ ಹಾಕ್ಕಂಡು ಕೂರೋ! ಇವ್ನು ನನ್ ಗಂಡ."

ಮರದ ಕೆಳಗೆ ಯಾರೂ ಅಲುಗಲಿಲ್ಲ. ಕೊನೆಗೆ ಮೇಸ್ತ್ರಿ ನಾಗೇಶ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದ. ಅವನ ಹಿಂದೆ ಇನ್ನಿಬ್ಬರು. ಟಾರ್ಪಾಲು ಎಸ್ಟೇಟಿನದು, ಕಾಫಿ ಒಣಗಿಸೋದು ಎಂದು ಮಲ್ಲೇಶ್ ಕೂಗುತ್ತಿದ್ದ. ಅದರ ಸಮೇತವೇ ಚಟ್ಟ ಎತ್ತಿದರು. ಮೂರು ಮೂಲೆಗೆ ಜನವಿತ್ತು, ನಾಲ್ಕನೆಯದು ವಾಲಿತು. ಬೇರೆ ಯಾರಾದರೂ ಬರುತ್ತಾರೇನೋ ಎಂದು ಭುವನಾ ಒಂದು ಗಳಿಗೆ ನೋಡಿದಳು. ಹೆಣ್ಣುಮಕ್ಕಳು ಹೊರುವ ಪದ್ಧತಿಯಿರಲಿಲ್ಲ. ಫೈಲನ್ನು ಬಗಲಲ್ಲಿ ಅದುಮಿಕೊಂಡು ಹೆಗಲು ಕೊಟ್ಟಳು. ಅಪ್ಪ ಅವಳಂದುಕೊಂಡದ್ದಕ್ಕಿಂತ ಭಾರವಾಗಿದ್ದ.

ಹೆಣವಿದ್ದ ಜಾಗದ ಸುತ್ತ ಕುರ್ಚಿಗಳು ಹಾಗೇ ಉಳಿದವು. ಕೂತವರಿಗೆ ಏಳಬೇಕೋ ಬೇಡವೋ ಗೊತ್ತಾಗಲಿಲ್ಲ. ರಸ್ತೆ ತೆರವಾಯಿತೆಂದು ಆ ಕಡೆ ನಿಂತಿದ್ದ ಗಾಡಿಗಳು ಒಂದೊಂದಾಗಿ ಗುರುಗುಟ್ಟತೊಡಗಿದವು. ಎಲ್ಲಕ್ಕಿಂತ ಮುಂದಿದ್ದ ಬಸ್ಸು ಇವರಿಗೆ ಎದುರಾಗಿ ಬಂತು. ನೆತ್ತಿಯ ಮೇಲೆ ಚಿಕ್ಕಮಗಳೂರು ಎಂಬ ಬೋರ್ಡು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, ಬದಿಗೆ ಸರೀರಪ್ಪಾ, ಬೆಳಿಗ್ಗೆಯಿಂದ ಕಾದಿದೀವಿ, ಬದಿಗೆ ಸರೀರಿ ಎಂದು ಕೂಗಿದ. ನಾಗೇಶ ಬದಿಗೆ ಸರಿಯಲು ನೋಡಿದ. ಚಟ್ಟ ಸರಿಯಲಿಲ್ಲ. ಡ್ರೈವರು ಹಾರನ್ನಿನ ಮೇಲೆ ಇಟ್ಟ ಕೈ ತೆಗೆಯಲೇ ಇಲ್ಲ. ಭುವನಾ ರಸ್ತೆಯ ನಡುವಿನ ಬಿಳಿ ಗೆರೆ ಬಿಡಲಿಲ್ಲ.