ಲೈಬ್ರರಿಗೆ ಬಂದ ಕಡಲು

ಹಾಕಿಕೊಂಡರೆ ಒಪ್ಪಿದ ಹಾಗೆ, ಹಾಕಿಕೊಳ್ಳದಿದ್ದರೆ ಹೆದರಿದ ಹಾಗೆ. ಎರಡರಲ್ಲಿ ಯಾವುದು ಕಡಿಮೆ ಅವಮಾನ? ಶಾಲೆಯ ಲೈಬ್ರರಿಯನ್ ವಿಆರ್ ಕನ್ನಡಕವನ್ನು ಕೈಯಲ್ಲಿ ಹಿಡಿದು ಇನ್ನೂ ಯೋಚಿಸುತ್ತಿದ್ದ. ಎದುರಿಗೆ ಮುಖ್ಯೋಪಾಧ್ಯಾಯಿನಿ, ಪಕ್ಕದಲ್ಲಿ ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವನ ಸ್ವಂತ ಅಕ್ಕ, ಹಿಂದೆ ಬಾಗಿಲಲ್ಲಿ ಮಕ್ಕಳು.

ನಿನ್ನೆ ಮೀಟಿಂಗಿನಲ್ಲಿ ಅವನೇ ಎದ್ದು ನಿಂತು ಹೇಳಿದ್ದ: ಲೈಬ್ರರಿ ಎಂದರೆ ಮೌನ, ಈ ಆಟದ ಸಾಮಾನು ಇಲ್ಲಿ ಬೇಡ. "ಹಾಗಾದ್ರೆ ನನ್ನ ಲ್ಯಾಬಿಗೆ ಕೊಡಿ" ಎಂದು ಅಕ್ಕ ತಕ್ಷಣ ಕೈಯೆತ್ತಿದ್ದಳು. ಒಮ್ಮೆ ಹಾಕಿ ನೋಡಿ, ಆಮೇಲೆ ಬೇಡ ಅನ್ನಿ ಎಂದು ಮೇಡಂ ಷರತ್ತು ಹಾಕಿದ್ದರು.

"ಹಾಕ್ಕೊಳ್ಳೋ ಮೌನಿ," ಎಂದಳು ಅಕ್ಕ. "ಅದೇನು ಕಚ್ಚಲ್ಲ. ಅದರ ಜೊತೆ ಮಾತಾಡೋದೂ ಬೇಕಿಲ್ಲ."

ಹಾಕಿಕೊಂಡ. ಕಪಾಟುಗಳು ಮಾಯವಾದವು. ಕಡಲಿನ ತಳ, ಬಹಳ ಮೇಲೆಲ್ಲೋ ಮಸುಕು ಬೆಳಕು. ಯಾರಿಗೂ ಉತ್ತರ ಕೊಡಬೇಕಿಲ್ಲದವರ ಹಾಗೆ ಒಂದು ಆಮೆ ಅವನ ಮೂಗಿನ ಮುಂದೆಯೇ ಸಾಗಿತು. ಇಷ್ಟು ವರ್ಷ ಗದರಿಸಿ ಗದರಿಸಿ ತಾನು ಕಾಪಾಡಿದ ಮೌನ ಇದರ ಮುಂದೆ ಸಂತೆ ಎನಿಸಿತು.

ಮಕ್ಕಳು ಕಿಸಕ್ಕೆಂದರು. ಆಮೆ ಬೆದರೀತು ಎಂದು ಅವನು ತಟ್ಟನೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು "ಶ್" ಎಂದ. ತಿರುಗಿದ್ದು ಸ್ವಲ್ಪ ಹೆಚ್ಚಾಗಿತ್ತು. ಎದುರಿಗಿದ್ದದ್ದು ಹಳೆಯ ಪತ್ರಿಕೆಗಳ ಬೀರು.

"ಬೀರು ಸುಮ್ಮನಾಯ್ತು," ಎಂದರು ಮೇಡಂ. "ಇನ್ನು ತೆಗೀರಿ."

ಅವನು ತೆಗೆಯಲಿಲ್ಲ. ಗಂಟೆ ಹೊಡೆಯಿತು, ಮಕ್ಕಳು ಹೋದರು. ಕೊನೆಗೆ ಅಕ್ಕ ಬಂದು ಭುಜ ತಟ್ಟಿದಳು. "ಮೇಲೆ ಬಾರೋ, ಉಸಿರು ಕಟ್ಟೀತು."

ತೆಗೆದಾಗ ಮೂಗಿನ ಮೇಲೆ ಕೆಂಪು ಗೆರೆ ಬಿದ್ದಿತ್ತು.

"ಏನು ಸರ್, ಲ್ಯಾಬಿಗೆ ಕಳಿಸೋಣ್ವಾ?" ಎಂದು ಮೇಡಂ ಕೇಳಿದರು.

ನಿನ್ನೆ ಅಷ್ಟು ಜನರ ಮುಂದೆ ಬೇಡ ಎಂದಾಗಿತ್ತು. ಈಗ ಬೇಕು ಎಂದರೆ ಉಗುಳಿದ್ದನ್ನು ನುಂಗಿದ ಹಾಗೆ. "ಅದು... ಮೀಟಿಂಗಲ್ಲಿ ಆಯ್ತಲ್ಲ, ಹಾಗೇ ಆಗಲಿ," ಎಂದ. ಕೈ ಮಾತ್ರ ಕನ್ನಡಕವನ್ನು ಬಿಡಲಿಲ್ಲ.

ಅಕ್ಕ ಆ ಕೈಯನ್ನೇ ನೋಡಿದಳು. ಚಿಕ್ಕವನಿದ್ದಾಗಲೂ ಅಷ್ಟೇ, ಬೇಕಾದ್ದನ್ನು ಬಾಯಿಬಿಟ್ಟು ಕೇಳದೆ ಹಿಡಿದುಕೊಂಡು ನಿಲ್ಲುತ್ತಿದ್ದ.

"ನನಗೆ ಬೇಡ ಮೇಡಂ," ಎಂದಳು. "ಲ್ಯಾಬ್ ತುಂಬ ಗಾಜಿನ ಸಾಮಾನು. ಇದನ್ನ ಹಾಕ್ಕೊಂಡು ಯಾರಾದ್ರೂ ಕೈ ಬೀಸಿದ್ರೆ ಮುಗೀತು. ಇಲ್ಲಿ ಪುಸ್ತಕ ಬಿದ್ರೂ ಒಡೆಯಲ್ಲ. ಬೀರುನ ಗದರಿಸೋಕೂ ಜನ ಇದ್ದಾರೆ."

ಮೇಡಂ ನಕ್ಕು ಒಪ್ಪಿದರು.

"ಮಕ್ಕಳು ಕೂತ್ಕೊಂಡೇ ನೋಡ್ಬೇಕು," ಲೈಬ್ರರಿಯನ್ ಮುಖ ಬಿಗಿದುಕೊಂಡು ಹೇಳಿದ. "ಗಲಾಟೆ ಮಾಡಿದ್ರೆ ವಾಪಸ್ ಕಳಿಸ್ತೀನಿ."

"ಆಗಲಪ್ಪಾ, ದೊಡ್ಡ ಉಪಕಾರ," ಎಂದು ಅಕ್ಕ ಮುಂದಿನ ಪಾಠಕ್ಕೆ ಹೊರಟಳು.

ಕನ್ನಡಕ ತನಗೇ ಬೇಕಿತ್ತು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.